ಬೆರಳಿನಲ್ಲಿ 97, ಎದೆಯಲ್ಲಿ ಉಬ್ಬಸ

ರಾತ್ರಿ ಹನ್ನೊಂದರ ಮೇಲೆ ನನ್ನ ಮೊಬೈಲಿಗೆ ಬರುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪುಟ್ಟ ಬೆರಳು, ಅದನ್ನು ಕಚ್ಚಿಕೊಂಡ ಆಕ್ಸಿಮೀಟರ್, ಹೊಳೆಯುವ 97. ಕೆಳಗೊಂದು ಸಾಲು: "ಡಾಕ್ಟರೇ, ಆಕ್ಸಿಜನ್ ಸರಿ ಇದೆಯಲ್ಲ, ಬೆಳಿಗ್ಗೆ ಬಂದರೆ ಸಾಕಲ್ಲವೇ?"

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಈ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಂದು ಕಲಿತ ಪಾಠ ಅಸ್ತಮಾಕ್ಕೆ ಒಗ್ಗುವುದಿಲ್ಲ. ಕೋವಿಡ್‌ನಲ್ಲಿ ಕೆಲವರಿಗೆ ಏದುಸಿರಿಲ್ಲದೆಯೇ ಅಂಕಿ ಇಳಿಯುತ್ತಿತ್ತು. ಅಸ್ತಮಾದಲ್ಲಿ ಅಂಕಿ ಇಳಿಯದೆಯೇ ಮಗು ಒದ್ದಾಡುತ್ತಿರುತ್ತದೆ.

ಇದನ್ನು ದಿನವೂ ಹೇಳುತ್ತೇನೆ, ಇಲ್ಲಿಯೂ ಹೇಳುತ್ತೇನೆ. ಶ್ವಾಸನಾಳಗಳು ಬಿಗಿದುಕೊಂಡಾಗ ಮಗು ಸುಮ್ಮನೆ ಕೂರುವುದಿಲ್ಲ, ವೇಗವಾಗಿ, ಬಲಹಾಕಿ ಉಸಿರಾಡುತ್ತದೆ. ಆ ದುಡಿಮೆಯಿಂದಲೇ ರಕ್ತದ ಆಮ್ಲಜನಕ 96, 97ರಲ್ಲಿ ನಿಂತಿರುತ್ತದೆ. ಘಾಟಿ ಏರುವ ಗಾಡಿ ಇನ್ನೂ ಚಲಿಸುತ್ತಿದೆ ಎಂದಷ್ಟೇ ಆಕ್ಸಿಮೀಟರ್ ಹೇಳುತ್ತದೆ, ಎತ್ತುಗಳ ಬಾಯಲ್ಲಿ ನೊರೆ ಬಂದದ್ದು ಅದಕ್ಕೆ ಕಾಣುವುದಿಲ್ಲ. ಮಗು ದಣಿದು ಸೋತ ಮೇಲೆ ಅಂಕಿ ಇಳಿಯುತ್ತದೆ, ಇಳಿಯತೊಡಗಿದರೆ ಬೇಗ ಇಳಿಯುತ್ತದೆ. ಇನ್ನೂ ಒಂದು ಮೋಸವಿದೆ: ತೀರಾ ಬಿಗಿದ ಎದೆಯಲ್ಲಿ ಗಾಳಿಯೇ ಆಡದೆ ಸುಂಯ್‌ಗುಟ್ಟುವ ಸದ್ದೂ ನಿಂತುಹೋಗಬಹುದು. ಮನೆಯವರು "ಕಡಿಮೆಯಾಯಿತು" ಎಂದು ನಿಟ್ಟುಸಿರು ಬಿಡುವುದು ಆಗಲೇ.

ಹಾಗೆಂದು ಯಂತ್ರವನ್ನು ಎಸೆಯಬೇಕಿಲ್ಲ. ಬೆಚ್ಚಗಿನ, ಅಲುಗದ, ಉಗುರುಬಣ್ಣವಿಲ್ಲದ ಬೆರಳಿನಲ್ಲಿಯೂ 92ಕ್ಕಿಂತ ಕಡಿಮೆ ಬಂದರೆ ಆಸ್ಪತ್ರೆಗೆ ಓಡಿ. 93, 94 ಬಂದರೂ ವೈದ್ಯರಿಗೆ ತಿಳಿಸಿ. 97 ಮಾತ್ರ ಮಲಗಲು ಪರವಾನಗಿಯಲ್ಲ. ದೊಡ್ಡವರ ಕ್ಲಿಪ್ ಎರಡು ವರ್ಷದ ಮಗುವಿನ ಬೆರಳಿಗೆ ಸರಿಯಾಗಿ ಕೂರುವುದೂ ಇಲ್ಲ.

ಒಬ್ಬ ತಂದೆ, ಸಾಫ್ಟ್‌ವೇರ್ ಎಂಜಿನಿಯರ್, ಬಹಳ ಪ್ರೀತಿಯ ಮನುಷ್ಯ, ಮಗಳ ಬೆಳಗು-ಸಂಜೆಯ ಅಂಕಿಗಳನ್ನು ಬಣ್ಣಬಣ್ಣದ ಕೋಷ್ಟಕ ಮಾಡಿ ತಂದಿದ್ದರು. ಎಲ್ಲವೂ ಹಸಿರು. ಇನ್‌ಹೇಲರ್ ತೋರಿಸಿ ಎಂದೆ. ಯುಗಾದಿಗೆ ಕೊಂಡ, ದಿನಕ್ಕೆ ನಾಲ್ಕು ಪಫ್‌ನಂತೆ ತಿಂಗಳಲ್ಲಿ ಮುಗಿಯಬೇಕಿದ್ದ 120 ಪಫ್‌ಗಳ ಡಬ್ಬಿ. ಗಣೇಶನ ಹಬ್ಬ ಹತ್ತಿರ ಬಂದಿತ್ತು, ಹಿಂಬದಿಯ ಎಣಿಕೆ ಕಿಂಡಿಯಲ್ಲಿ 104. "ಚೆನ್ನಾಗಿದ್ದಾಳಲ್ಲ ಸರ್, ಸುಮ್ಮನೆ ಅಭ್ಯಾಸವಾಗುತ್ತದೆ ಎಂದು ಅತ್ತೆ ಬೇಡವೆಂದರು." ಅತ್ತೆಯವರ ಮೇಲೆ ಹಾಕುವುದು ಸುಲಭ. ಅಸ್ತಮಾವನ್ನು ಹತೋಟಿಯಲ್ಲಿಡಲು ದಿನವೂ ಬಳಸುವ ಈ ನಿಯಂತ್ರಣದ ಇನ್‌ಹೇಲರ್ ಚಟ ಹಿಡಿಸುವುದಿಲ್ಲ, ಚೆನ್ನಾಗಿರುವ ದಿನಗಳಿಗೇ ಅದು ಇರುವುದು. ಆ ಪುಟ್ಟ ಕಿಂಡಿಯ ಅಂಕಿ ನನಗೆ ಅವರ ಇಡೀ ಕೋಷ್ಟಕಕ್ಕಿಂತ ಹೆಚ್ಚು ಹೇಳಿತು.

ಈಗ ಇನ್‌ಹೇಲರಿಗೆ ಸಿಕ್ಕಿಸುವ, ಪಫ್ ಒತ್ತಿದ ಸಮಯವನ್ನು ಮೊಬೈಲಿಗೆ ಕಳಿಸುವ ಸೆನ್ಸರ್‌ಗಳೂ ಇವೆ. ಮರೆವಿಗೆ ಒಳ್ಳೆಯದು. ಆದರೆ ಒತ್ತಿದ್ದನ್ನಷ್ಟೇ ಎಣಿಸುವ ಸೆನ್ಸರಿಗೆ ಸ್ಪೇಸರ್ (ಇನ್‌ಹೇಲರಿಗೂ ಬಾಯಿಗೂ ನಡುವೆ ಹಿಡಿಯುವ ಕೊಳವೆ) ಬಳಸಿದರೋ, ಮದ್ದು ಎದೆಗಿಳಿಯಿತೋ ಕೆನ್ನೆಗೆ ತಾಗಿತೋ ತಿಳಿಯದು. ಆರು ವರ್ಷ ದಾಟಿದ, ಹೇಳಿದಂತೆ ಊದಬಲ್ಲ ಮಕ್ಕಳಿಗೆ, ಉಸಿರನ್ನು ಎಷ್ಟು ವೇಗವಾಗಿ ಹೊರಹಾಕಬಲ್ಲರೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಉಪಯುಕ್ತ. ಮಗು ಚೆನ್ನಾಗಿದ್ದಾಗಿನ ಅತ್ಯುತ್ತಮ ಅಳತೆಯ ಶೇಕಡಾ 80ಕ್ಕಿಂತ ಕೆಳಗೆ ಬಂದರೆ ಎಚ್ಚರ, 50ಕ್ಕಿಂತ ಕೆಳಗಾದರೆ ಅಪಾಯ.

ನನ್ನನ್ನು ಕೇಳಿದರೆ, ಮನೆಯಲ್ಲಿರುವ ಅತ್ಯುತ್ತಮ ಡಿಜಿಟಲ್ ಸಾಧನ ಮೊಬೈಲ್ ಕ್ಯಾಮೆರಾ. ಅಂಗಿ ತೆಗೆದು, ದೀಪ ಹಾಕಿ, ಟಿವಿ ಆರಿಸಿ, ಎದೆ-ಹೊಟ್ಟೆ ಕಾಣುವಂತೆ ಒಂದು ನಿಮಿಷ ಚಿತ್ರೀಕರಿಸಿ. ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೆಳೆಯುತ್ತಿದೆಯೇ, ಕತ್ತಿನ ಗುಳಿ ಆಳವಾಗುತ್ತಿದೆಯೇ ನೋಡಬಹುದು, ಉಸಿರನ್ನೂ ಎಣಿಸಬಹುದು. ಒಂದರಿಂದ ಐದು ವರ್ಷದ ಮಗು ಅಳದೆ ಇರುವಾಗ ನಿಮಿಷಕ್ಕೆ 40 ದಾಟಿದರೆ ಹೆಚ್ಚು.

ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಚಿತ್ರೀಕರಣವೂ ಬೇಡ. ನಿಮ್ಮ ವೈದ್ಯರು ಬರೆದುಕೊಟ್ಟಂತೆ ಸ್ಪೇಸರ್‌ನಲ್ಲಿ ಸಾಲ್ಬ್ಯುಟಮಾಲ್ (ಬಿಗಿದ ಶ್ವಾಸನಾಳವನ್ನು ಬೇಗ ಸಡಿಲಿಸುವ ಮದ್ದು) ಕೊಡುತ್ತಲೇ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ನೀಲಿ ಗುರುತು ಮೂಡಲಿ ಎಂದು ಕಾಯಬೇಡಿ. ಆ ಹೊತ್ತಿಗೆ ನಾನು ನಿದ್ದೆ ಮಾಡುತ್ತಿರುತ್ತೇನೆ.