ಒಂದು ಲಕ್ಷ ಜನರ ಊರು, ಎಂಬತ್ತೊಂದು ಸಾವಿರ ಆಸನಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ನಗರದಲ್ಲಿ 2020ರ ಗಣತಿಯಂತೆ ಇರುವುದು ಸುಮಾರು 1,07,000 ಜನ. ಅಲ್ಲಿನ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ 81,000ಕ್ಕೂ ಹೆಚ್ಚು ಆಸನಗಳಿವೆ. ಇಡೀ ಋತುವಿನ ಟಿಕೆಟ್‌ಗೆ ಹೆಸರು ಬರೆಸಿ ಕಾಯುತ್ತಿರುವವರ ಪಟ್ಟಿ ಊರಿನ ಜನಸಂಖ್ಯೆಯನ್ನೂ ಮೀರಿದೆ. 1919ರಲ್ಲಿ ಹುಟ್ಟಿದ ಪ್ಯಾಕರ್ಸ್ ತಂಡ ಇಂದಿಗೂ ಅಮೆರಿಕನ್ ಫುಟ್‌ಬಾಲಿನ ಅತ್ಯುನ್ನತ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಡುತ್ತಿದೆ. ಇತ್ತ ಕೆನಡಾದ ಮಾಂಟ್ರಿಯಲ್, ಉಪನಗರಗಳೂ ಸೇರಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಮಹಾನಗರ, ತನ್ನ ಬೇಸ್‌ಬಾಲ್ ತಂಡವಾದ ಎಕ್ಸ್‌ಪೋಸ್ ಅನ್ನು ಉಳಿಸಿಕೊಳ್ಳಲಾಗದೆ ಹೋಯಿತು. 2005ರ ಋತುವಿಗೆ ಆ ತಂಡ ವಾಷಿಂಗ್ಟನ್‌ಗೆ ಹೊರಟುಹೋಯಿತು. ವೃತ್ತಿಪರ ತಂಡವೊಂದನ್ನು ಸಾಕಲು ಊರು ಎಷ್ಟು ದೊಡ್ಡದಿರಬೇಕು ಎಂದು ಕೇಳುವವರು ಈ ಎರಡು ಊರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮೊದಲು ಪಂದ್ಯಗಳ ಲೆಕ್ಕ. ಬೇಸ್‌ಬಾಲ್ ತಂಡ ಒಂದು ಋತುವಿನಲ್ಲಿ ತವರಿನಲ್ಲಿ 81 ಪಂದ್ಯ ಆಡುತ್ತದೆ. ಪಂದ್ಯಕ್ಕೆ 25,000 ಜನರೆಂದರೂ ಇಪ್ಪತ್ತು ಲಕ್ಷ ಟಿಕೆಟ್ ಮಾರಬೇಕು. ಎನ್‌ಎಫ್‌ಎಲ್ ತಂಡಕ್ಕೆ ತವರಿನಲ್ಲಿ ಇರುವುದು ಎಂಟೋ ಒಂಬತ್ತೋ ಪಂದ್ಯ, ಆದ್ದರಿಂದ ಕ್ರೀಡಾಂಗಣ ಪ್ರತಿಸಲ ತುಂಬಿದರೂ ಒಟ್ಟು ಆರೇಳು ಲಕ್ಷ ಟಿಕೆಟ್ ಸಾಕು. ಇದಕ್ಕಿಂತ ಮುಖ್ಯವಾದದ್ದು ವಾರದ ದಿನ. ಬೇಸ್‌ಬಾಲಿನ ಬಹುಪಾಲು ಪಂದ್ಯಗಳು ಕೆಲಸದ ದಿನಗಳ ಸಂಜೆ ನಡೆಯುವುದರಿಂದ ಅವಕ್ಕೆ ಹತ್ತಿರದಲ್ಲೇ ವಾಸಿಸುವವರು ಬೇಕು; ಭಾನುವಾರದ ಫುಟ್‌ಬಾಲಿಗಾದರೆ ಇನ್ನೂರು ಕಿಲೋಮೀಟರ್ ಆಚೆಯಿಂದಲೂ ಕುಟುಂಬಗಳು ಕಾರಿನಲ್ಲಿ ಬಂದು ರಾತ್ರಿಯೊಳಗೆ ಮನೆ ಸೇರುತ್ತವೆ.

ಗ್ರೀನ್ ಬೇಯ ಟಿಕೆಟ್ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1994ರವರೆಗೆ, ಆರು ದಶಕಗಳ ಕಾಲ, ಪ್ಯಾಕರ್ಸ್ ತನ್ನ ಕೆಲವು ತವರು ಪಂದ್ಯಗಳನ್ನು ದಕ್ಷಿಣದ ದೊಡ್ಡ ನಗರ ಮಿಲ್ವಾಕಿಯಲ್ಲೇ ಆಡುತ್ತಿತ್ತು. ಅದನ್ನು ನಿಲ್ಲಿಸಿದಾಗ ಅಲ್ಲಿನ ಟಿಕೆಟ್‌ದಾರರನ್ನು ಕೈಬಿಡದೆ ಅವರಿಗೆ ‘ಗೋಲ್ಡ್’ ಎಂಬ ಪ್ರತ್ಯೇಕ ಕಂತನ್ನು ಕೊಟ್ಟರು: ಲ್ಯಾಂಬೋದಲ್ಲಿ ನಡೆಯುವ ಪಂದ್ಯಗಳಲ್ಲಿ ಕೆಲವು ಅವರ ಪಾಲು, ಉಳಿದವು ಗ್ರೀನ್ ಬೇಯವರ ‘ಗ್ರೀನ್’ ಕಂತು. ಹಾಗಾಗಿ ಈ ತಂಡವನ್ನು ಸಾಕುತ್ತಿರುವುದು ಹೆಸರಿಗೆ ಒಂದು ಊರಾದರೂ ವಾಸ್ತವದಲ್ಲಿ ಒಂದು ರಾಜ್ಯ. ಗಣತಿಯ ಪಟ್ಟಿಯಲ್ಲಿ ನಗರದ ಗಡಿಯೊಳಗಿನ ಸಂಖ್ಯೆಯನ್ನಷ್ಟೇ ಓದಿ ತೀರ್ಮಾನಿಸುವವರು ಎಡವುವುದು ಇಲ್ಲೇ.

ಆದರೂ ಟಿಕೆಟ್ ಹಣವೊಂದರಿಂದಲೇ ಗ್ರೀನ್ ಬೇ ಉಳಿಯುತ್ತಿರಲಿಲ್ಲ. 1961ರಲ್ಲಿ ಅಮೆರಿಕದ ಸಂಸತ್ತು ಕ್ರೀಡಾ ಪ್ರಸಾರದ ಕಾನೂನೊಂದನ್ನು ಮಾಡಿ, ಲೀಗಿನ ಎಲ್ಲ ತಂಡಗಳೂ ದೂರದರ್ಶನದ ಹಕ್ಕನ್ನು ಒಟ್ಟಾಗಿ ಮಾರಲು ಅವಕಾಶ ಕೊಟ್ಟಿತು. ಎನ್‌ಎಫ್‌ಎಲ್ ಆ ಹಣವನ್ನು ನ್ಯೂಯಾರ್ಕಿಗೂ ಗ್ರೀನ್ ಬೇಗೂ ಸಮನಾಗಿ ಹಂಚಿತು, ಈಗಲೂ ಹಂಚುತ್ತಿದೆ. ಲಕ್ಷಾಂತರ ಸಾಮಾನ್ಯ ಷೇರುದಾರರ ಒಡೆತನದ ಪ್ಯಾಕರ್ಸ್ ತನ್ನ ಆಯವ್ಯಯವನ್ನು ಪ್ರತಿವರ್ಷ ಬಹಿರಂಗಪಡಿಸುವುದರಿಂದ ಈ ವಿಷಯದಲ್ಲಿ ಊಹೆಗೆ ಆಸ್ಪದವಿಲ್ಲ. 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಲೀಗಿನ ಹಂಚಿಕೆಯಿಂದ ತಂಡಕ್ಕೆ ಬಂದದ್ದು 40 ಕೋಟಿ ಡಾಲರ್‌ಗೂ ಹೆಚ್ಚು. 2024ರ ಋತುವಿನಲ್ಲಿ ಆಟಗಾರರ ಸಂಬಳಕ್ಕೆ ಲೀಗ್ ವಿಧಿಸಿದ್ದ ಮಿತಿ ಸುಮಾರು 25.5 ಕೋಟಿ ಡಾಲರ್. ಅಂದರೆ ಒಂದೂ ಟಿಕೆಟ್ ಮಾರುವ ಮುನ್ನವೇ ಸಂಬಳದ ಹೊರೆ ಇಳಿದಿರುತ್ತದೆ, ಮತ್ತು ದೊಡ್ಡ ಊರಿನ ತಂಡ ಎಷ್ಟೇ ಸಿರಿವಂತವಾದರೂ ಆ ಮಿತಿ ಮೀರಿ ಆಟಗಾರರನ್ನು ಸೆಳೆದುಕೊಳ್ಳುವುದು ಕಷ್ಟ. ನಮ್ಮ ಐಪಿಎಲ್‌ನಲ್ಲೂ ಇದೇ ಬಗೆಯ ಏರ್ಪಾಡಿದೆ: ತವರಿನಲ್ಲಿ ಏಳೇ ಲೀಗ್ ಪಂದ್ಯ, ಪ್ರಸಾರದ ಹಣದಲ್ಲಿ ಪಾಲು, ಆಟಗಾರರ ಖರೀದಿಗೆ ಮಿತಿ.

ಬೇಸ್‌ಬಾಲಿನಲ್ಲಿ ಸಂಬಳಕ್ಕೆ ಅಂಥ ಕಟ್ಟುನಿಟ್ಟಾದ ಮಿತಿಯಿರಲಿಲ್ಲ, ಪ್ರಸಾರದ ಹಣದ ದೊಡ್ಡ ಭಾಗ ಸ್ಥಳೀಯ ವಾಹಿನಿಗಳಿಂದಲೇ ಬರಬೇಕಿತ್ತು. ಮಾಂಟ್ರಿಯಲ್ ಸೋತದ್ದು ಅಲ್ಲಿ. 1994ರಲ್ಲಿ ಎಕ್ಸ್‌ಪೋಸ್ 74 ಗೆಲುವು, 40 ಸೋಲುಗಳೊಂದಿಗೆ ಇಡೀ ಲೀಗಿನಲ್ಲಿ ಮುಂದಿದ್ದಾಗ ಆಟಗಾರರ ಮುಷ್ಕರದಿಂದ ಋತು ಅರ್ಧಕ್ಕೇ ನಿಂತಿತು. ಮರುವರ್ಷ ಸಂಬಳ ಭರಿಸಲಾಗದೆ ತಂಡ ತನ್ನ ಶ್ರೇಷ್ಠ ಆಟಗಾರರನ್ನು ಬಿಟ್ಟುಕೊಟ್ಟಿತು. ಆದಾಯ ಕೆನಡಾದ ಡಾಲರಿನಲ್ಲಿ, ಸಂಬಳ ಅಮೆರಿಕದ ಡಾಲರಿನಲ್ಲಿ, ಮತ್ತು ಆ ವರ್ಷಗಳಲ್ಲಿ ಮೊದಲನೆಯದರ ಬೆಲೆ ಕುಸಿಯುತ್ತಲೇ ಇತ್ತು. 2000ದಲ್ಲಿ ತಂಡಕ್ಕೆ ಇಂಗ್ಲಿಷ್ ದೂರದರ್ಶನದ ಒಪ್ಪಂದವೇ ಇರಲಿಲ್ಲ. 2001ರಲ್ಲಿ ವಿಶಾಲವಾದ ಒಲಿಂಪಿಕ್ ಕ್ರೀಡಾಂಗಣಕ್ಕೆ ಪಂದ್ಯವೊಂದಕ್ಕೆ ಬಂದವರು ಸರಾಸರಿ ಎಂಟು ಸಾವಿರ. ಮಾಂಟ್ರಿಯಲ್‌ನವರಿಗೆ ಆಟದ ಮೇಲೆ ಪ್ರೀತಿಯಿರಲಿಲ್ಲವೆಂದು ಆಗ ಹೇಳಿದವರುಂಟು. ಅಭಿಮಾನಿಗಳು ಮನಸಾರೆ ಮೆಚ್ಚಿದ್ದ ತಂಡವನ್ನು ಕಣ್ಣೆದುರೇ ಬಿಡಿಬಿಡಿಯಾಗಿ ಚದುರಿಸಿ, ಆಮೇಲೆ ಅವರನ್ನೇ ದೂರುವುದು ನನಗೆ ಅನ್ಯಾಯವೆನಿಸುತ್ತದೆ.

ಲೀಗ್ ಹಂಚಿಕೊಳ್ಳದ ಹೊರೆಯೊಂದು ಸಣ್ಣ ಊರಿನ ಹೆಗಲ ಮೇಲೆ ಉಳಿದೇ ಇರುತ್ತದೆ: ಕ್ರೀಡಾಂಗಣ. ಲ್ಯಾಂಬೋ ಫೀಲ್ಡ್ ನವೀಕರಣಕ್ಕಾಗಿ ಅರ್ಧ ಶೇಕಡಾ ಮಾರಾಟ ತೆರಿಗೆ ಹಾಕಬಹುದೇ ಎಂದು 2000ದ ಸೆಪ್ಟೆಂಬರಿನಲ್ಲಿ ಗ್ರೀನ್ ಬೇ ಇರುವ ಜಿಲ್ಲೆಯಾದ ಬ್ರೌನ್ ಕೌಂಟಿಯ ಮತದಾರರನ್ನು ಕೇಳಲಾಯಿತು. ತಂಡವನ್ನು ಅಷ್ಟೊಂದು ಪ್ರೀತಿಸುವ ಆ ಪ್ರದೇಶದಲ್ಲೂ ಹೌದೆಂದವರು ಸುಮಾರು 53 ಶೇಕಡಾ ಮಾತ್ರ. ಪಂದ್ಯ ನೋಡುವವರೂ ನೋಡದವರೂ ಸೇರಿ ಆ ತೆರಿಗೆಯನ್ನು 2015ರವರೆಗೆ ಕಟ್ಟಿದರು.