ಅಂದವಾದ ಕಾಪಿ ಪುಸ್ತಕ, ಓದಲಾರದ ಮಗು

ಕುಮಟೆಯಲ್ಲಿರುವ ನನ್ನ ಕೊಠಡಿಗೆ ಬರುವ ಪಾಲಕರಲ್ಲಿ ಹೆಚ್ಚಿನವರು ಕುಳಿತುಕೊಳ್ಳುವ ಮೊದಲೇ ಚೀಲದಿಂದ ಒಂದು ಕಾಪಿ ಪುಸ್ತಕವನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ. “ಅಕ್ಷರ ನೋಡಿ ಅಕ್ಕೋರೇ, ಮುತ್ತಿನ ಹಾಗಿದೆ. ಓದು ಅಂದ್ರೆ ಮಾತ್ರ ಬಾಯಿ ಬಿಡೂದಿಲ್ಲ. ಸೊಕ್ಕು, ಮತ್ತೇನಲ್ಲ.” ವಿಶೇಷ ಶಿಕ್ಷಕಿಯಾದ ನಾನು ಈ ಮಾತನ್ನು ಕರಾವಳಿಯ ಮೀನುಗಾರರ ಮನೆಯವರಿಂದಲೂ, ದೇವಿಮನೆ ಘಟ್ಟ ಇಳಿದು ಬರುವ ಶಿರಸಿ ಕಡೆಯ ಅಡಿಕೆ ತೋಟದವರಿಂದಲೂ ಒಂದೇ ಧಾಟಿಯಲ್ಲಿ ಕೇಳುತ್ತ ಬಂದಿದ್ದೇನೆ.

ಅಂಕೋಲೆಯ ಕಡೆಯ ನಾಲ್ಕನೇ ತರಗತಿಯ ಒಬ್ಬ ಹುಡುಗನ ಪುಸ್ತಕವನ್ನು ನಾನು ಮರೆಯುವಂತಿಲ್ಲ. ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಸರಿ ಗುರುತು ಇತ್ತು. ಒಂದು ಪುಟದಲ್ಲಿ, ಪಾಠದ ಪ್ರಶ್ನೋತ್ತರಗಳ ನಡುವೆ, ಅದೇ ಗುಂಡಗಿನ ಅಕ್ಷರಗಳಲ್ಲಿ ‘ಅಳಿಸಬೇಡಿ’ ಎಂದು ಬರೆದಿತ್ತು. ಹಲಗೆಯ ಮೂಲೆಯಲ್ಲಿ ಮಾಸ್ತರರು ಬೇರೆ ತರಗತಿಯವರಿಗಾಗಿ ಬರೆದಿಟ್ಟ ಸೂಚನೆಯನ್ನೂ ಹುಡುಗ ಶ್ರದ್ಧೆಯಿಂದ ಇಳಿಸಿಕೊಂಡಿದ್ದ. ಅದಕ್ಕೂ ಸರಿ ಗುರುತು ಬಿದ್ದಿತ್ತು. ಪಾಠವನ್ನು ಓದು ಎಂದಾಗ ಅವನು ಮೊದಲ ಸಾಲಿನಿಂದ ಗಡಗಡನೆ ಹೇಳಿದ. ಮೇಲಿನ ಸಾಲುಗಳನ್ನು ಕಾಗದದಿಂದ ಮುಚ್ಚಿ ನಡುವಿನ ಒಂದು ಪದದ ಮೇಲೆ ಬೆರಳಿಟ್ಟಾಗ ಸುಮ್ಮನಾದ.

ಇಲ್ಲಿರುವ ಒಂದೇ ವಿಷಯವನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ಸಿದ್ಧಳಿದ್ದೇನೆ: ನೋಡಿ ಬರೆಯುವುದು ಓದುವುದಲ್ಲ. ನೋಡಿ ಬರೆಯುವಾಗ ಕಣ್ಣಿಗೆ ಕಂಡ ಆಕಾರವು ನೇರವಾಗಿ ಕೈಗೆ ಇಳಿಯುತ್ತದೆ, ರಂಗೋಲಿಯ ಎಳೆಯನ್ನು ನೋಡಿ ಹಾಗೆಯೇ ಎಳೆದಂತೆ. ಓದುವಾಗ ಆ ಆಕಾರ ಮೊದಲು ಧ್ವನಿಯಾಗಬೇಕು, ಧ್ವನಿಗಳು ಕೂಡಿ ಪದವಾಗಬೇಕು, ಪದಕ್ಕೆ ಅರ್ಥ ಹೊಳೆಯಬೇಕು. ಬುದ್ಧಿ ಚುರುಕಾಗಿದ್ದರೂ ಓದು ಕಷ್ಟವಾಗುವ ಡಿಸ್ಲೆಕ್ಸಿಯಾ ಎಂಬ ತೊಂದರೆ ಇರುವ ಹೆಚ್ಚಿನ ಮಕ್ಕಳು ಎಡವುವುದು ಆಕಾರ ಧ್ವನಿಯಾಗುವ ಈ ಮೊದಲ ಹೆಜ್ಜೆಯಲ್ಲಿ. ‘ಸೂರ್ಯ’ ಎಂಬ ಪದವನ್ನೇ ನೋಡಿ: ನಾಲಿಗೆ ‘ರ್’ ಧ್ವನಿಯನ್ನು ಮೊದಲು ನುಡಿಯುತ್ತದೆ, ಬರಹದಲ್ಲಿ ಅರ್ಕಾವತ್ತು ‘ಯ’ದ ನಂತರ ಬರುತ್ತದೆ. ಕಾಪಿ ಬರೆಯುವ ಮಗುವಿಗೆ ಇದರಿಂದ ಯಾವ ತೊಂದರೆಯೂ ಇಲ್ಲ, ಏಕೆಂದರೆ ಅದು ಧ್ವನಿಯ ಗೊಡವೆಗೇ ಹೋಗಿರುವುದಿಲ್ಲ. ಹತ್ತು ಸಲ ಬರೆಸಿದರೆ ಹತ್ತು ಸಲ ಧ್ವನಿಯನ್ನು ಬಿಟ್ಟು ಸಾಗುವ ಅಭ್ಯಾಸವಾಗುತ್ತದೆ, ಬೆರಳು ನೋಯುತ್ತದೆ, ಅಷ್ಟೆ.

ಹಾಗೆಂದು ಓದಲಾರದ ಪ್ರತಿ ಮಗುವಿಗೂ ಡಿಸ್ಲೆಕ್ಸಿಯಾ ಇದೆಯೆಂದು ನಾನು ಹೇಳುತ್ತಿಲ್ಲ. ಕಣ್ಣು, ಕಿವಿಗಳ ತಪಾಸಣೆ ಮೊದಲು ಆಗಬೇಕು. ಮನೆಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ಆಡುವ ಮಗು ಶಾಲೆಯ ಕನ್ನಡಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಕಾಲವನ್ನು ನ್ಯೂನತೆ ಎಂದು ಎಣಿಸಬಾರದು. ಮೇಲಾಗಿ, ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳಿರುವ ನಮ್ಮ ಲಿಪಿಯ ಮೇಲೆ ಹಿಡಿತ ಸಾಧಿಸಲು ಸಾಮಾನ್ಯ ಮಕ್ಕಳಿಗೂ ಹಲವು ವರ್ಷಗಳು ಬೇಕು ಎಂಬುದನ್ನು ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನ ತೋರಿಸಿದೆ. ಆದ್ದರಿಂದ ಒಂದನೇ ತರಗತಿಯ ಮಗುವಿಗೆ ಹೆಸರಿಡುವ ಅವಸರ ಬೇಡ; ಮೂರನೇ ತರಗತಿಯ ಮಗುವನ್ನು ‘ದೊಡ್ಡವನಾದ ಮೇಲೆ ಸರಿಹೋಗುತ್ತಾನೆ’ ಎಂದು ಬಿಡುವುದೂ ಬೇಡ.

ಮನೆಯವರು ಮಾಡಬೇಕಾದದ್ದು ಬರೆಸುವುದಕ್ಕಿಂತ ಹಗುರ. ದಿನಕ್ಕೆ ಹತ್ತು ಹದಿನೈದು ನಿಮಿಷ ಪಕ್ಕದಲ್ಲಿ ಕುಳಿತು, ಬೆರಳು ಸರಿಸುತ್ತ, ಮಗುವಿನೊಡನೆ ದನಿಗೂಡಿಸಿ ಓದಿ; ಅದು ತಡವರಿಸಿದರೆ ಸ್ವಲ್ಪ ಕಾದು, ಪದವನ್ನು ಹೇಳಿಕೊಟ್ಟು ಮುಂದೆ ಹೋಗಿ. ‘ನಿನ್ನೆ ಬಂದಿತ್ತಲ್ಲ, ಇವತ್ತೇನಾಯಿತು’ ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ನಿನ್ನೆ ಬಂದದ್ದು ಇಂದು ಬಾರದಿರುವುದು ಈ ತೊಂದರೆಯ ಸ್ವಭಾವವೇ ಆಗಿದೆ. ಓದು ಬಾರದ ತಾಯಿಯೂ ಕೈಕಟ್ಟಿ ಕೂರಬೇಕಾಗಿಲ್ಲ. ಆ ಅಂಕೋಲೆಯ ಹುಡುಗನ ತಾಯಿ ಮೀನು ಮಾರುವವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. “ಬಂಗಡೆಯಲ್ಲಿ ‘ಬಂ’ ತೆಗೆದ್ರೆ ಏನು ಉಳೀತು?” ಎಂದು ಅವರು ಬುಟ್ಟಿ ತೊಳೆಯುತ್ತಲೇ ಮಗನನ್ನು ಕೇಳತೊಡಗಿದರು; ‘ಗಡೆ’ ಎಂಬ ಉತ್ತರಕ್ಕೆ ಇಬ್ಬರೂ ನಗುತ್ತಿದ್ದರಂತೆ. ಧ್ವನಿಯನ್ನು ಬಿಡಿಸಿ ಕೂಡಿಸುವ ಈ ಆಟ ನನ್ನ ಕೊಠಡಿಯಲ್ಲಿ ನಡೆಯುವ ಪಾಠದ ಅರ್ಧ ಭಾಗ.

ಅಜ್ಜಂದಿರೊಡನೆ ಕೆಲಸ ಸ್ವಲ್ಪ ಕಷ್ಟ. ಶಿರಸಿ ಕಡೆಯ ಒಬ್ಬ ಹಿರಿಯರು, ತಾಳಮದ್ದಲೆಯ ಅರ್ಥವನ್ನು ಕೇಳಿಯೇ ಕಂಠಪಾಠ ಮಾಡಿಕೊಂಡಿದ್ದ ಮೊಮ್ಮಗಳ ಬಗ್ಗೆ, ಇಷ್ಟು ಜಾಣೆಗೆ ಓದು ಬಾರದಿರಲು ಹೇಗೆ ಸಾಧ್ಯವೆಂದು ನನ್ನೊಡನೆ ಜಗಳಕ್ಕೇ ನಿಂತರು. ಬುದ್ಧಿಗೂ ಈ ತೊಂದರೆಗೂ ಸಂಬಂಧವಿಲ್ಲವೆಂದು ನಾನು ಎಷ್ಟು ಹೇಳಿದರೂ ಒಪ್ಪದವರು, ಪ್ರಸಂಗದ ಪದ್ಯವನ್ನು ಅವಳೊಡನೆ ಬೆರಳಿಟ್ಟು ಓದಿ ಎಂದಾಗ ಮಾತ್ರ ಉತ್ಸಾಹದಿಂದ ಒಪ್ಪಿಕೊಂಡರು.

ಶಾಲೆಯಿಂದ ಕೇಳಬೇಕಾದದ್ದೂ ಇದೆ. ಡಿಸ್ಲೆಕ್ಸಿಯಾವನ್ನೂ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಒಂದಾಗಿರುವುದರಿಂದ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರಹಗಾರರ ನೆರವು ಮುಂತಾದವುಗಳನ್ನು ಕೇಳುವುದು ಭಿಕ್ಷೆಯಲ್ಲ. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತನಾಡಿ. ಆದರೆ ನ್ಯೂನತೆಯ ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಸಂಜೆಯ ಓದನ್ನು ನಿಲ್ಲಿಸಬೇಡಿ.

ಕರಾವಳಿಯ ಮನೆಗಳಿಗೆ ಒಂದು ಅನುಕೂಲವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಬೋಟಿಗೆ ಹೋಗುವ ತಂದೆ ಮನೆಯಲ್ಲಿರುತ್ತಾರೆ, ಶಾಲೆಯೂ ಆಗಲೇ ಶುರುವಾಗಿರುತ್ತದೆ. ಆ ಹುಡುಗನ ತಂದೆ ಜಗಲಿಯಲ್ಲಿ ಬಲೆ ಸರಿಪಡಿಸುತ್ತಿದ್ದಷ್ಟು ದಿನವೂ ಸಂಜೆಯ ಓದು ತಪ್ಪಲಿಲ್ಲ. ಆಗಸ್ಟ್‌ನಲ್ಲಿ ಅವರು ಮತ್ತೆ ಸಮುದ್ರಕ್ಕೆ ಇಳಿದ ಮೇಲೆ ಯಾರು ಎಂದು ನಾನು ಜುಲೈನಲ್ಲೇ ಕೇಳಿದ್ದೆ. ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ ವಾರಕ್ಕೆ ನಾಲ್ಕು ದಿನ ಅವನನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಲು ಒಪ್ಪಿದ್ದಾಳೆ. ಕಾಪಿ ಬರೆಸುವುದಿಲ್ಲವೆಂದು ಅವಳಿಂದ ನಾನು ಮಾತು ತೆಗೆದುಕೊಂಡಿದ್ದೇನೆ.