ಆ ಮರ ಇಲ್ಲೇ ಬೆಳೆದಿತ್ತೇ?

ಆಲ್ಪ್ಸ್ ಪರ್ವತವನ್ನು ಏರುತ್ತ ಹೋದರೆ ಒಂದು ಎತ್ತರದಲ್ಲಿ ಮರಗಳು ಮುಗಿದುಹೋಗುತ್ತವೆ. ಅಲ್ಲಿಂದ ಮೇಲೆ ಕುರುಚಲು ಗಿಡ, ಹುಲ್ಲು, ಆಮೇಲೆ ಬರೀ ಕಲ್ಲು. ಕಾಡಿನ ಈ ಮೇಲ್ಗಡಿಗೆ ವೃಕ್ಷರೇಖೆ ಎಂದು ಹೆಸರು. ಸುಮಾರು 11,700 ವರ್ಷಗಳ ಹಿಂದೆ ಹಿಮಯುಗ ಮುಗಿದಂದಿನಿಂದ ಈ ಗಡಿ ಮೇಲೇರಿದೆ, ಕೆಳಗಿಳಿದಿದೆ. ಯಾವಾಗ ಎಲ್ಲಿತ್ತು, ಯಾಕೆ ಸರಿಯಿತು ಎಂಬುದಕ್ಕೆ ಉತ್ತರ ಸಿಗುವುದು ಪರ್ವತದ ಪುಟ್ಟ ಸರೋವರಗಳ ತಳದಲ್ಲಿ ಕೂತ ಹೂಳಿನಲ್ಲಿ.

ಈ ಹೂಳಿನ ಬೆನ್ನು ಹತ್ತಿದವರಲ್ಲಿ ಅನೇಕರು ಪಿಎಚ್‌.ಡಿ. ಮುಗಿಸಿ, ಎರಡು ಮೂರು ವರ್ಷಗಳ ಅವಧಿಗೆ ನೇಮಕಗೊಂಡ ಪೋಸ್ಟ್‌ಡಾಕ್ ಸಂಶೋಧಕರು. ಸರೋವರದ ನೀರು ಗಟ್ಟಿಯಾಗಿ ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆಯೇ ನಿಂತು, ತೂತು ಕೊರೆದು, ಕೊಳವೆ ಇಳಿಸಿ ಹೂಳನ್ನು ಕಂಬದಂತೆ ಇಡಿಯಾಗಿ ಮೇಲೆತ್ತುತ್ತಾರೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಹೊರಗಿನ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದ ಮುಂದೆ.

ಮೊದಲು ಹುಡುಕುವುದು ಪರಾಗವನ್ನು. ಪರಾಗದ ಹೊರಗೋಡೆ ಸ್ಪೋರೋಪೊಲೆನಿನ್ ಎಂಬ ವಸ್ತುವಿನಿಂದ ಆಗಿದೆ. ಆಮ್ಲಜನಕ ಸುಳಿಯದ ಕೆಸರಿನಲ್ಲಿ ಅದು ಹತ್ತಾರು ಸಾವಿರ ವರ್ಷ ಕೆಡುವುದಿಲ್ಲ. ಮರಳನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಅದು ಜಗ್ಗುವುದಿಲ್ಲವಾದ್ದರಿಂದ ಖನಿಜವನ್ನೆಲ್ಲ ಕರಗಿಸಿ ಪರಾಗವನ್ನಷ್ಟೇ ಉಳಿಸಿಕೊಳ್ಳಬಹುದು. ಒಂದೊಂದು ಪದರದಿಂದಲೂ ನೂರಾರು ಕಣಗಳನ್ನು ಗುರುತಿಸಿ ಎಣಿಸುತ್ತಾರೆ. ಇಂಥ ಎಣಿಕೆಯಿಂದ ಕಾಡಿನ ಇತಿಹಾಸ ಬರೆಯಬಹುದೆಂದು ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ, ಇಂದಿನ ಓಸ್ಲೋದಲ್ಲಿ ನಡೆದ ಸಭೆಯೊಂದರಲ್ಲಿ ತೋರಿಸಿಕೊಟ್ಟರು.

ಆದರೆ ಪರ್ವತದಲ್ಲಿ ಪರಾಗವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಪೈನ್ ಮರದ ಪರಾಗಕ್ಕೆ ಎರಡು ಗಾಳಿಚೀಲಗಳಿವೆ. ಅದು ಗಾಳಿಯಲ್ಲಿ ತೇಲಿ ನೂರಾರು ಕಿಲೋಮೀಟರ್ ಸಾಗಬಲ್ಲದು. ಕಣಿವೆಯಿಂದ ಮೇಲೇರಿ, ಒಂದು ಮರವೂ ಇಲ್ಲದ ಎತ್ತರದ ಸರೋವರದಲ್ಲಿ ರಾಶಿ ರಾಶಿಯಾಗಿ ಬೀಳುತ್ತದೆ. ಲಾರ್ಚ್‌ನದು ಇದಕ್ಕೆ ತದ್ವಿರುದ್ಧ. ವೃಕ್ಷರೇಖೆಯ ಅಂಚಿನಲ್ಲೇ ಬೆಳೆಯುವ ಮರವಾದರೂ ಅದರ ಪರಾಗಕ್ಕೆ ಗಾಳಿಚೀಲವಿಲ್ಲ, ಅದು ದೂರ ಹೋಗುವುದಿಲ್ಲ. ಹಾಗಾಗಿ ಸುತ್ತ ಲಾರ್ಚ್ ಕಾಡೇ ಇದ್ದರೂ ಎಣಿಕೆಯಲ್ಲಿ ಕಾಣುವುದು ಬೆರಳೆಣಿಕೆಯ ಕಣಗಳು. ಸಂಖ್ಯೆಯನ್ನಷ್ಟೇ ನೋಡಿದವರು ಇಲ್ಲದ ಪೈನ್ ಕಾಡನ್ನು ಇತ್ತು ಎಂದಾರು, ಇದ್ದ ಲಾರ್ಚ್ ಕಾಡನ್ನು ಇರಲಿಲ್ಲ ಎಂದಾರು.

ಆಗ ನೆರವಿಗೆ ಬರುವುದು ಸೂಜಿಯೆಲೆ. ಹೂಳನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಬಿಟ್ಟು ತೊಳೆದರೆ ಕಪ್ಪಗಾದ ಎಲೆಚೂರು, ಬೀಜ, ಮೊಗ್ಗಿನ ಹೊದಿಕೆ, ಪಾಚಿಯ ಕಡ್ಡಿಗಳು ಉಳಿಯುತ್ತವೆ. ಒಂದೊಂದನ್ನೂ ಕುಂಚದ ತುದಿಯಲ್ಲಿ ಎತ್ತಿ, ಇಂದಿನ ಗಿಡಗಳ ಸಂಗ್ರಹದೊಂದಿಗೆ ಹೋಲಿಸಿ ನೋಡಬೇಕು. ಲಾರ್ಚ್ ಪ್ರತಿ ಶರತ್ಕಾಲದಲ್ಲೂ ಎಲೆಗಳನ್ನೆಲ್ಲ ಉದುರಿಸುವ ಮರ. ಪರಾಗದಲ್ಲಿ ಕಾಣದ ಅದು ಜರಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಇಡೀ ಸೂಜಿಯೆಲೆ ಸಿಗದಿದ್ದರೂ ಅದರ ಮೇಲಿನ ಪತ್ರರಂಧ್ರಗಳ ಗಟ್ಟಿ ಅಂಚು ಪರಾಗದ ಸ್ಲೈಡಿನಲ್ಲೇ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ. ಎಲೆ ಪರಾಗದಷ್ಟು ದೂರ ಹಾರದು. ಅದು ಸಿಕ್ಕಿತೆಂದರೆ ಮರ ದಡದ ಆಸುಪಾಸಿನಲ್ಲೇ ಇತ್ತು.

ಕಾಲ ತಿಳಿಯುವುದೂ ಈ ಚೂರುಗಳಿಂದಲೇ. ಸತ್ತ ಗಿಡದಲ್ಲಿ ಕಾರ್ಬನ್–14 ಎಂಬ ವಿಕಿರಣಶೀಲ ಕಾರ್ಬನ್ ಕ್ರಮೇಣ ಕಡಿಮೆಯಾಗುತ್ತದೆ; ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಅಂದರೆ ಅರ್ಧಾಯು, 5,730 ವರ್ಷ. ಸುಮಾರು 50,000 ವರ್ಷಗಳವರೆಗೆ ಅದರಿಂದ ಲೆಕ್ಕ ಹಾಕಬಹುದು. ನೀರಿನ ಸಸ್ಯಗಳು ಸುಣ್ಣದಕಲ್ಲಿನಿಂದ ಕರಗಿ ಬಂದ ಹಳೆಯ ಕಾರ್ಬನ್ ಹೀರಿಕೊಂಡು ವಯಸ್ಸನ್ನು ಹೆಚ್ಚಾಗಿ ತೋರಿಸುತ್ತವೆ. ನೆಲದ ಮೇಲೆ ಬೆಳೆದ ಮರದ ಎಲೆಗೆ ಆ ದೋಷವಿಲ್ಲ. ಒಂದು ಒಳ್ಳೆಯ ಎಲೆಚೂರು ಸಿಕ್ಕಿದ ದಿನ ಸಂಶೋಧಕರು ಹಿಗ್ಗುವುದು ಸಹಜ: ಯಾವ ಮರ, ಎಲ್ಲಿ, ಯಾವಾಗ ಎಂಬ ಮೂರಕ್ಕೂ ಅದರಲ್ಲೇ ಉತ್ತರವಿದೆ.

ಹೀಗೆ ಕೂಡಿಸಿದ ಸಾಕ್ಷ್ಯಗಳಿಂದ ಗೊತ್ತಾದದ್ದು ಸಣ್ಣ ಸಂಗತಿಯಲ್ಲ. ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದಲ್ಲಿ 2,343 ಮೀಟರ್ ಎತ್ತರದಲ್ಲಿರುವ ಗೂಯೇ ರಿಯೋಂ ಎಂಬ ಕೊಳದ ಸುತ್ತ ಇಂದು ಕಾಡಿಲ್ಲ; ಹಿಂದೆ ಲಾರ್ಚ್ ಮತ್ತು ಆರೊಲಾ ಪೈನ್ ಅಲ್ಲಿಯವರೆಗೂ ಬೆಳೆದಿದ್ದವು. ಆಂಡೀಸ್‌ನ ಕೊಲಂಬಿಯಾ ಭಾಗದಲ್ಲಿ ಏರಿಳಿತ ಇನ್ನೂ ದೊಡ್ಡದು: ಇಂದು 3,200 ಮೀಟರಿಗೂ ಮೇಲೆ ಹೋಗುವ ಕಾಡು, ಹಿಮಯುಗದ ಕಡುಚಳಿಯಲ್ಲಿ ಸುಮಾರು 2,000 ಮೀಟರಿಗೆ ಇಳಿದಿತ್ತು.

ಸರೋವರಗಳೇ ಇಲ್ಲದ ಒಣ ಬೆಟ್ಟಗಳಲ್ಲಿ ಏನು ಮಾಡುವುದು? ಅಮೆರಿಕದ ನೈರುತ್ಯ ಭಾಗದಲ್ಲಿ ಪ್ಯಾಕ್‌ರ್‍ಯಾಟ್ ಎಂಬ ಇಲಿ ಸುತ್ತಮುತ್ತಲಿನ ರೆಂಬೆ, ಎಲೆ, ಬೀಜಗಳನ್ನು ಬಂಡೆಯ ಸಂದಿಗೆ ಹೊತ್ತು ತಂದು ಪೇರಿಸುತ್ತದೆ. ಅದರ ಮೂತ್ರ ಒಣಗಿ ಹರಳುಗಟ್ಟಿ ರಾಶಿಯನ್ನೆಲ್ಲ ಅಂಟಿನಂತೆ ಹಿಡಿದಿಡುತ್ತದೆ. 1964ರಲ್ಲಿ ಸಂಶೋಧಕರಾದ ಫಿಲಿಪ್ ವೆಲ್ಸ್ ಮತ್ತು ಕ್ಲೈವ್ ಜಾರ್ಗೆನ್ಸನ್ ನೆವಾಡಾದ ಇಂಥ ರಾಶಿಗಳಲ್ಲಿ ಜೂನಿಪರ್ ಮರದ ಚೂರುಗಳನ್ನು ಕಂಡರು. ಆ ಜಾಗ ಈಗ ಮರುಭೂಮಿ.

ಈಚಿನ ಸಾಧನ ಡಿಎನ್‌ಎ. ಸತ್ತ ಗಿಡದ ಡಿಎನ್‌ಎ ತುಣುಕುಗಳು ಹೂಳಿನ ಕಣಗಳಿಗೆ ಅಂಟಿಕೊಂಡು ಉಳಿಯುತ್ತವೆ. ಹುಲ್ಲುಗಳ ಪರಾಗವೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ ರೀತಿ. ಕೀಟಗಳನ್ನು ನೆಚ್ಚಿದ ಹೂಗಿಡಗಳ ಪರಾಗ ಹೂಳಿಗೆ ಬರುವುದೇ ಅಪರೂಪ. ಎತ್ತರದ ಹುಲ್ಲುಗಾವಲಿನ ತುಂಬ ಇರುವುದು ಇಂಥ ಗಿಡಗಳೇ, ಅವುಗಳ ಹೆಸರು ಮೊದಲ ಬಾರಿಗೆ ಹೀಗೆ ಪಟ್ಟಿಗೆ ಸೇರುತ್ತಿದೆ. ಆದರೆ ಪ್ರಯೋಗಾಲಯದ ಗಾಳಿಯಲ್ಲಿರುವ ಇಂದಿನ ಗಿಡದ ಒಂದು ಕಣವೂ ಫಲಿತಾಂಶವನ್ನು ಕೆಡಿಸಬಲ್ಲದು. ಯಂತ್ರ ಕೊಟ್ಟ ಹೆಸರನ್ನು ಜರಡಿಯ ಎಲೆಯೊಂದಿಗೆ ತಾಳೆ ನೋಡಲು, ಎಲೆ ಗುರುತಿಸಬಲ್ಲ ಕಣ್ಣು ಬೇಕೇ ಬೇಕು. ಆ ಕಣ್ಣು ಪಳಗಲು ವರ್ಷಗಳು ಹಿಡಿಯುತ್ತವೆ, ಪೋಸ್ಟ್‌ಡಾಕ್ ನೇಮಕ ಅದಕ್ಕೂ ಮೊದಲೇ ಮುಗಿಯುತ್ತದೆ. ಈ ವ್ಯವಸ್ಥೆ ಬದಲಾಗಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಆಲ್ಪ್ಸ್‌ನ ಅನೇಕ ಕಡೆ ಈಗ ಮರಗಳು ಮತ್ತೆ ಮೇಲೇರುತ್ತಿವೆ. ತಾಪಮಾನ ಏರಿದ್ದು ಒಂದು ಕಾರಣ, ದನಕುರಿ ಮೇಯಿಸುವುದನ್ನು ಬಿಟ್ಟದ್ದು ಇನ್ನೊಂದು. ಯಾವುದರ ಪಾಲು ಎಷ್ಟು ಎಂದು ಬಿಡಿಸಲು ಹೂಳಿನಲ್ಲಿ ಇನ್ನೆರಡು ಗುರುತುಗಳನ್ನು ನೋಡುತ್ತಾರೆ. ಬೆಂಕಿ ಬಿದ್ದಿದ್ದರೆ ಇದ್ದಿಲಿನ ಕಣಗಳಿರುತ್ತವೆ. ಮಂದೆ ಮೇಯ್ದಿದ್ದರೆ ಸಗಣಿ, ಹಿಕ್ಕೆಗಳ ಮೇಲೆ ಬೆಳೆಯುವ ಸ್ಪೋರೋರ್ಮಿಯೆಲ್ಲ ಶಿಲೀಂಧ್ರದ ಬೀಜಕಗಳಿರುತ್ತವೆ. ಸೂಜಿಯೆಲೆ ಮರೆಯಾಗುವ ಪದರದಲ್ಲೇ ಇವೆರಡೂ ಹೆಚ್ಚಿದ್ದರೆ, ಕಾಡನ್ನು ಕೆಳಕ್ಕೆ ತಳ್ಳಿದ್ದು ಚಳಿಯೊಂದೇ ಅಲ್ಲ, ಅಲ್ಲಿ ಮನುಷ್ಯರ ಕೈಯೂ ಇತ್ತು ಎಂದು ಹೇಳಬಹುದು.